ಬಂದಾಗ ಗಟ್ಟಿಮುಟ್ಟಾಗಿದ್ದವರ ಬಗ್ಗೆ ಒಂದು ಬಹಿರಂಗ ಪತ್ರ

ನಗರಗಳ ಆರೋಗ್ಯ ಇಲಾಖೆಗಳನ್ನು ನಡೆಸುತ್ತಿರುವ ಎಲ್ಲರಿಗೂ,

ನಮಸ್ಕಾರ.

ನಾನು ಡಾಕ್ಟರ್ ಅಲ್ಲ, ನರ್ಸ್ ಕೂಡ ಅಲ್ಲ. ಭಾಷೆ ಬಾರದ ಊರಿಗೆ ಬಂದು ನೆಲೆಸಿದವರ ಜೊತೆ ಆಸ್ಪತ್ರೆಗೆ ಹೋಗುತ್ತೇನೆ. ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಅವರು ಹೇಳಿದ್ದನ್ನು ಡಾಕ್ಟರಿಗೆ, ಡಾಕ್ಟರ್ ಹೇಳಿದ್ದನ್ನು ಅವರಿಗೆ ತಿಳಿಸುತ್ತೇನೆ. ದುಭಾಷಿ ಅನ್ನಿ. ಆ ಕುರ್ಚಿಯಲ್ಲಿ ಕೂತು ಕಂಡದ್ದು ಒಂದಷ್ಟಿದೆ. ಹೀಗೆ ಯಾಕಾಗುತ್ತದೆ ಅಂತ ಹುಡುಕಿಕೊಂಡು ಓದಿದ್ದು ಇನ್ನೊಂದಷ್ಟಿದೆ. ಎರಡನ್ನೂ ನಿಮ್ಮ ಮುಂದೆ ಇಡುತ್ತಿದ್ದೇನೆ. ಇದು ಯಾವುದೋ ಒಂದು ಊರಿನ ಸಮಾಚಾರ ಅಲ್ಲ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ವಲಸೆ ಬಂದವರು ಅಂದ ತಕ್ಷಣ ಕಾಯಿಲೆ ಹೊತ್ತು ತಂದವರು ಅನ್ನುವ ಭಾವನೆ ತುಂಬಾ ಜನರಲ್ಲಿದೆ. ಸಾಮಾನ್ಯವಾಗಿ ನಿಜ ಇದಕ್ಕೆ ಉಲ್ಟಾ. ಕೆನಡಾ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮತ್ತೆ ಮತ್ತೆ ಲೆಕ್ಕ ಹಾಕಿ ನೋಡಿದ್ದಾರೆ. ಹೊಸದಾಗಿ ಬಂದವರು ಅಲ್ಲೇ ಹುಟ್ಟಿದವರಿಗಿಂತ ಒಟ್ಟಾರೆ ಹೆಚ್ಚು ಆರೋಗ್ಯವಾಗಿರುತ್ತಾರೆ. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಊರು ಬಿಟ್ಟು ಹೊರಡುವುದಕ್ಕೆ ಗಟ್ಟಿ ಮೈ ಬೇಕು, ಗಟ್ಟಿ ಮನಸ್ಸೂ ಬೇಕು. ವೀಸಾ ಕೊಡುವ ಮುಂಚೆ ಎಷ್ಟೋ ದೇಶಗಳ ಸರ್ಕಾರಗಳೇ ಎಕ್ಸ್‌ರೇ ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿ, ಆರಿಸಿ ಕರೆದುಕೊಳ್ಳುತ್ತವೆ. ಯುದ್ಧ, ಹಿಂಸೆ ತಪ್ಪಿಸಿಕೊಂಡು ಓಡಿ ಬಂದವರ ಕಥೆ ಬೇರೆ, ಅದನ್ನು ಒಪ್ಪುತ್ತೇನೆ. ಆದರೆ ದುಡಿಮೆಗೆ ಬಂದ ಬಹುಪಾಲು ಜನ ಗಟ್ಟಿಮುಟ್ಟಾಗಿಯೇ ಬಂದಿರುತ್ತಾರೆ.

ಆಮೇಲೆ ಆ ಗಟ್ಟಿತನ ಕರಗುತ್ತದೆ. ಹತ್ತು ವರ್ಷ, ಹದಿನೈದು ವರ್ಷ ಕಳೆಯುವಷ್ಟರಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಸೊಂಟ ನೋವು, ನಿದ್ದೆ ಬಾರದಿರುವುದು ಎಲ್ಲ ಸೇರಿಕೊಳ್ಳುತ್ತವೆ. ವಯಸ್ಸಾದರೆ ಎಲ್ಲರಿಗೂ ಬರುತ್ತದಲ್ವಾ ಅನ್ನಬಹುದು. ಅದೇ ವಯಸ್ಸಿನ ಸ್ಥಳೀಯರ ಪಕ್ಕದಲ್ಲಿಟ್ಟು ನೋಡಿದರೂ ಬಂದಾಗ ಇದ್ದ ಅನುಕೂಲ ಕರಗಿರುತ್ತದೆ. ಅಂದರೆ ಇದರಲ್ಲಿ ಒಂದು ಪಾಲು ಅವರು ತಂದ ಕಾಯಿಲೆಯಲ್ಲ. ನಿಮ್ಮ ಊರಲ್ಲಿ ಬಂದ ಕಾಯಿಲೆ. ಈ ಪತ್ರದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಮೊದಲು ಭಾಷೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಅದೇ.

ನಾವು ಕನ್ನಡದಲ್ಲಿ ಮಾತು ಕೇಳಿಸಿಕೊಳ್ಳುವಾಗ ನಡುನಡುವೆ "ಹೂಂ, ಹೂಂ" ಅನ್ನುತ್ತೇವೆ. ಅದರರ್ಥ "ಕೇಳ್ತಾ ಇದ್ದೀನಿ, ಮುಂದೆ ಹೇಳಿ" ಅಂತ. ಒಪ್ಪಿದೆ ಅಂತ ಅಲ್ಲ. ಅರ್ಥವಾಯಿತು ಅಂತಲೂ ಅಲ್ಲ. ಎದುರಿಗಿರುವ ಡಾಕ್ಟರಿಗೆ ಅದು "ಹೌದು" ಅಂತ ಕೇಳಿಸುತ್ತದೆ. ಆಪರೇಷನ್ ಬಗ್ಗೆ ವಿವರಿಸುತ್ತಾರೆ, ರೋಗಿ ಹೂಂ ಅನ್ನುತ್ತಾರೆ, ಫಾರಂ ಮುಂದಿಡುತ್ತಾರೆ, ಸಹಿ ಬೀಳುತ್ತದೆ. ಹೊರಗೆ ಬಂದ ಮೇಲೆ ನನ್ನನ್ನು ಕೇಳುತ್ತಾರೆ: "ಅವರು ಏನು ತೆಗೀತಾರಂತೆ?"

"ಸಂಕಟ" ಅನ್ನುವ ಪದವನ್ನೇ ತೆಗೆದುಕೊಳ್ಳಿ. ಹೊಟ್ಟೆ ತೊಳೆಸಿದರೂ ಸಂಕಟ, ಎದೆಯಲ್ಲಿ ಏನೋ ಆದರೂ ಸಂಕಟ, ಮಗ ಮಾತಾಡಿಸದೆ ಹೋದರೂ ಸಂಕಟ. "ಬೆಳಗ್ಗೆಯಿಂದ ಒಂಥರಾ ಸಂಕಟ" ಅಂತ ಒಬ್ಬ ಹಿರಿಯರು ಹೇಳಿದರೆ, ಕನ್ನಡ ಬಲ್ಲ ಡಾಕ್ಟರ್ ಕೂಡಲೇ ಎಲ್ಲಿ, ಹೇಗೆ ಅಂತ ಕೇಳುತ್ತಾರೆ. ಗಡಿಬಿಡಿಯಲ್ಲಿ ಯಾರೋ ಅದನ್ನು "ದುಃಖ" ಅಂತ ದಾಟಿಸಿದರೆ, ಇಸಿಜಿ ಮಾಡಬೇಕಾದ ಕಡೆ ಸಮಾಧಾನದ ಮಾತು ಸಿಗುತ್ತದೆ. ಇಂಥ ಪದಗಳು ಪ್ರತಿ ಭಾಷೆಯಲ್ಲೂ ಇವೆ.

1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದದ್ದು ವೈದ್ಯಕೀಯ ಅನುವಾದದ ಪಾಠಗಳಲ್ಲಿ ಇವತ್ತಿಗೂ ಬರುತ್ತದೆ. 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ಕ್ಯೂಬಾ ಮೂಲದವರು. ಸ್ಪ್ಯಾನಿಷ್ ಭಾಷೆಯಲ್ಲಿ "ಇಂಟಾಕ್ಸಿಕಾಡೋ" ಅಂದರು. ತಿಂದದ್ದೋ ಕುಡಿದದ್ದೋ ಮೈಗೆ ಆಗಿಲ್ಲ ಅನ್ನುವುದು ಅವರ ಮಾತಿನ ಅರ್ಥ. ಡಾಕ್ಟರುಗಳಿಗೆ ಅದು ಇಂಗ್ಲಿಷಿನ "ಇಂಟಾಕ್ಸಿಕೇಟೆಡ್" ಅಂತ, ಅಂದರೆ ಮಾದಕ ವಸ್ತುವಿನ ನಶೆ ಅಂತ ಕೇಳಿಸಿತು. ಡ್ರಗ್ಸ್ ಜಾಸ್ತಿ ತೆಗೆದುಕೊಂಡಿದ್ದಾನೆ ಅಂತ ಚಿಕಿತ್ಸೆ ಶುರುವಾಯಿತು. ಅವನ ಮೆದುಳಿನಲ್ಲಿ ರಕ್ತಸ್ರಾವ ಆಗುತ್ತಿತ್ತು. ಅದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಅವನ ಕೈಕಾಲುಗಳು ಮತ್ತೆ ಆಡಲಿಲ್ಲ. ಜೀವಮಾನದ ಲೆಕ್ಕ ಹಾಕಿ ಸುಮಾರು 7.1 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ದುಭಾಷಿಯನ್ನು ಯಾರೂ ಕರೆದಿರಲಿಲ್ಲ. ಯಾಕೆ ಗೊತ್ತಾ? ಮನೆಯವರಿಗೂ ಡಾಕ್ಟರುಗಳಿಗೂ ತಮ್ಮ ಮಾತು ಒಬ್ಬರಿಗೊಬ್ಬರಿಗೆ ಅರ್ಥವಾಗುತ್ತಿದೆ ಅಂತಲೇ ಅನ್ನಿಸಿತ್ತು.

ನನಗೆ ಅತಿ ಭಯ ಹುಟ್ಟಿಸುವುದು ಇದೇ. ಭಾಷೆ ಸ್ವಲ್ಪವೂ ಬಾರದವರಿಗೆ ಯಾರಾದರೂ ಸಹಾಯಕ್ಕೆ ಬರುತ್ತಾರೆ. ಅರ್ಧಂಬರ್ಧ ಬರುವವರು ಸಿಕ್ಕಿಬೀಳುತ್ತಾರೆ.

ಇನ್ನು ಮಕ್ಕಳು. ಹತ್ತು ಹನ್ನೊಂದು ವರ್ಷದ ಹುಡುಗಿ ಅಮ್ಮನ ಜೊತೆ ಬಂದಿದ್ದಳು. ಶಾಲೆಗೆ ರಜಾ ಹಾಕಿಸಿ ಕರೆತಂದಿದ್ದರು. ನಾನು ಬೇರೊಬ್ಬರಿಗಾಗಿ ಅಲ್ಲಿದ್ದೆ. ಡಾಕ್ಟರ್ ಗಡ್ಡೆಯ ಬಗ್ಗೆ, ಮುಂದಿನ ಪರೀಕ್ಷೆಯ ಬಗ್ಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಬಂದಿದ್ದಳು. ಅಮ್ಮ "ಏನಂದ್ರು?" ಅಂತ ಕೇಳಿದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನಿಲ್ಲಮ್ಮ, ಇನ್ನೊಂದ್ಸಲ ಬರಬೇಕಂತೆ" ಅಂದಳು. ಆ ಮಗು ತಪ್ಪು ಮಾಡಲಿಲ್ಲ. ಆ ಕೆಲಸವನ್ನು ಅದರ ತಲೆ ಮೇಲೆ ಹಾಕಿದ್ದು ತಪ್ಪು. ದಯವಿಟ್ಟು ಒಂದು ನಿಯಮ ಮಾಡಿ: ತುರ್ತು ಪ್ರಾಣಾಪಾಯ ಬಿಟ್ಟರೆ ಬೇರೆ ಯಾವ ಸಂದರ್ಭದಲ್ಲೂ ಮಕ್ಕಳ ಬಾಯಲ್ಲಿ ಅಪ್ಪ ಅಮ್ಮನ ಕಾಯಿಲೆ ಹೇಳಿಸಬಾರದು.

ಇದು ಆಗದ ಕೆಲಸ ಅಲ್ಲ. ಆಸ್ಟ್ರೇಲಿಯಾ 1973ರಲ್ಲೇ ಫೋನಿನಲ್ಲಿ ದುಭಾಷಿ ಸಿಗುವ ವ್ಯವಸ್ಥೆ ಶುರು ಮಾಡಿತು. ಈಗ ಅದು ಹಗಲೂ ರಾತ್ರಿ ನಡೆಯುತ್ತದೆ, 150ಕ್ಕೂ ಹೆಚ್ಚು ಭಾಷೆಗಳಲ್ಲಿ. ಡಾಕ್ಟರುಗಳಿಗೆ ಅಂತಲೇ ಒಂದು ಪ್ರತ್ಯೇಕ ಲೈನ್ ಇದೆ. ಮೊಬೈಲ್ ಇಲ್ಲದ ಕಾಲದಲ್ಲಿ ಶುರುವಾದದ್ದು ಇದು! ಇವತ್ತು ಎಲ್ಲರ ಜೇಬಿನಲ್ಲಿ ಫೋನ್ ಇದೆ. ಆದರೂ ಎಷ್ಟೋ ಊರುಗಳಲ್ಲಿ "ಗೊತ್ತಿರುವವರನ್ನು ಯಾರನ್ನಾದರೂ ಕರ್ಕೊಂಡು ಬನ್ನಿ" ಅನ್ನುವ ಮಾತೇ ಕೇಳಬೇಕು.

ಭಾಷೆ ಬಂದವರೂ ಆಸ್ಪತ್ರೆಗೆ ಬರುವುದಿಲ್ಲ. ಅದಕ್ಕೆ ಕಾರಣ ಭಯ.

ಕಾಗದಪತ್ರ ಸರಿಯಿಲ್ಲದವರಿಗೆ ಆಸ್ಪತ್ರೆಯ ಕೌಂಟರ್ ಅಂದರೆ ಪೊಲೀಸ್ ಠಾಣೆಯ ಬಾಗಿಲಿದ್ದ ಹಾಗೆ. ಹೆಸರು, ವಿಳಾಸ, ಗುರುತಿನ ಚೀಟಿ ಕೇಳುತ್ತಾರೆ. ಅದು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಸಾರ್ವಜನಿಕ ಆರೋಗ್ಯ ಸೇವೆಯ ದಾಖಲೆಗಳಿಂದ ರೋಗಿಗಳ ವಿಳಾಸದಂಥ ವಿವರಗಳನ್ನು ವಲಸೆ ಅಧಿಕಾರಿಗಳಿಗೆ ಕೊಡುವ ಒಪ್ಪಂದ ಜಾರಿಯಲ್ಲಿತ್ತು. ಡಾಕ್ಟರುಗಳು, ಸಂಸದರು ವಿರೋಧ ಮಾಡಿದ ಮೇಲೆ 2018ರಲ್ಲಿ ನಿಲ್ಲಿಸಿದರು. ನಿಲ್ಲಿಸಿದ ಸುದ್ದಿ ಎಷ್ಟು ಜನಕ್ಕೆ ಮುಟ್ಟಿರಬಹುದು? "ಅಲ್ಲಿ ಹೋದರೆ ಹಿಡ್ಕೊಡ್ತಾರೆ" ಅನ್ನುವ ಮಾತು ಒಂದೇ ದಿನದಲ್ಲಿ ಊರೆಲ್ಲ ಸುತ್ತುತ್ತದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ವರ್ಷಗಳು ಬೇಕು.

ಬಾಗಿಲು ಮುಚ್ಚಿದರೆ ದುಡ್ಡು ಉಳಿಯುತ್ತದೆ ಅನ್ನುವ ವಾದವೂ ಇದೆ. ಜರ್ಮನಿಯಲ್ಲಿ ಆಶ್ರಯ ಕೇಳಿ ಬಂದವರಿಗೆ ಮೊದಮೊದಲು ಹೆಚ್ಚಾಗಿ ತುರ್ತು ಚಿಕಿತ್ಸೆ, ನೋವಿನ ಚಿಕಿತ್ಸೆ ಅಷ್ಟೇ ಕೊಡುತ್ತಾರೆ. ಸುಮಾರು ಇಪ್ಪತ್ತು ವರ್ಷಗಳ ಖರ್ಚಿನ ಲೆಕ್ಕವನ್ನು ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಪೂರ್ತಿ ಸೇವೆ ಸಿಗುತ್ತಿದ್ದವರಿಗಿಂತ ಅರ್ಧ ಸೇವೆ ಸಿಗುತ್ತಿದ್ದವರ ಮೇಲೆಯೇ ತಲಾ ಖರ್ಚು ಜಾಸ್ತಿ ಆಗಿತ್ತು. ಇದು ಹೇಗಾಗುತ್ತದೆ ಅಂತ ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಕೊಡದವರು ಆಮೇಲೆ ಕಾಲು ಕತ್ತರಿಸುವ ಆಪರೇಷನ್ ಮಾಡಬೇಕಾಗುತ್ತದೆ. ಸ್ಪೇನ್ 2012ರಲ್ಲಿ ಕಾಗದಪತ್ರ ಇಲ್ಲದವರಿಗೆ ಸೇವೆ ಮೊಟಕು ಮಾಡಿ, 2018ರಲ್ಲಿ ಮತ್ತೆ ತೆರೆಯಿತು. ಪೋರ್ಚುಗಲ್ 2020ರ ಮಾರ್ಚ್‌ನಲ್ಲಿ, ಕೋವಿಡ್ ಶುರುವಾದ ಕೂಡಲೇ, ವಾಸದ ಅನುಮತಿಗೆ ಅರ್ಜಿ ಹಾಕಿ ಕಾಯುತ್ತಿದ್ದವರನ್ನೆಲ್ಲ ಕಾನೂನುಬದ್ಧವಾಗಿ ಇರುವವರು ಅಂತಲೇ ಪರಿಗಣಿಸಿತು, ಅವರಿಗೂ ಆಸ್ಪತ್ರೆ ಸಿಗಲಿ ಅಂತ. ಒಂದು ಆದೇಶದಿಂದ ಆಗುವ ಕೆಲಸ ಇದು.

ರೋಗ ಬಂದಾಗ ಮಾತ್ರ ನೆನಪಾಗುವ ಜನ ವಲಸಿಗರು ಆಗಬಾರದು. 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ಲೇಗ್ ಅನುಮಾನ ಬಂದಾಗ ಚೀನೀಯರ ಬೀದಿಗಳಿಗೆ ಹಗ್ಗ ಕಟ್ಟಿ ದಿಗ್ಬಂಧನ ಹಾಕಿದರು. ಅದೇ ಸಾಲಿನ ಬಿಳಿಯರ ಕಟ್ಟಡಗಳನ್ನು ಹೊರಗೆ ಬಿಟ್ಟು, ಹಗ್ಗವನ್ನು ಸುತ್ತಿ ಬಳಸಿ ಕಟ್ಟಿದ್ದರು. ಕೊನೆಗೆ ಕೋರ್ಟ್ ಅದನ್ನು ತಳ್ಳಿಹಾಕಿತು. 2020ರಲ್ಲಿ ಸಿಂಗಾಪುರದ ಕಥೆ ಬೇರೆ ಥರ. ಸೋಂಕು ಹತೋಟಿಯಲ್ಲಿದೆ ಅಂತ ಜಗತ್ತೇ ಹೊಗಳುತ್ತಿತ್ತು. ಒಂದೊಂದು ಕೋಣೆಯಲ್ಲಿ ಹತ್ತಾರು ಜನ ಮಲಗುತ್ತಿದ್ದ ವಲಸೆ ಕಾರ್ಮಿಕರ ವಸತಿಗಳ ಕಡೆ ಯಾರೂ ನೋಡಿರಲಿಲ್ಲ. ಆ ವರ್ಷದ ಕೊನೆಗೆ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ಅಲ್ಲಿದ್ದವರಲ್ಲಿ ಸುಮಾರು ಅರ್ಧ ಜನಕ್ಕೆ ಸೋಂಕು ತಗುಲಿತ್ತು. ಮೂರು ಅಡಿ ದೂರದಲ್ಲಿ ಇನ್ನೊಬ್ಬರ ಹಾಸಿಗೆ ಇರುವವರಿಗೆ "ಅಂತರ ಕಾಯ್ದುಕೊಳ್ಳಿ" ಅಂತ ಹೇಳಿದರೆ ಏನು ಪ್ರಯೋಜನ?

ಕೆಲಸದ ಜಾಗದ ಬಗ್ಗೆ ಒಂದೇ ಮಾತು. ಕತಾರ್‌ನಲ್ಲಿ 2009ರಿಂದ 2017ರವರೆಗೆ 1,300ಕ್ಕೂ ಹೆಚ್ಚು ನೇಪಾಳಿ ಕಾರ್ಮಿಕರು ತೀರಿಕೊಂಡರು. ಅವರ ಸಾವಿನ ದಾಖಲೆಗಳನ್ನು ಸಂಶೋಧಕರು ಹವಾಮಾನದ ಜೊತೆ ಹೊಂದಿಸಿ ನೋಡಿ 2019ರಲ್ಲಿ ಪ್ರಕಟಿಸಿದರು. ಹೃದಯದ ತೊಂದರೆ ಅಂತ ಬರೆದಿದ್ದ ಸಾವುಗಳು ಬಿಸಿಲು ಏರಿದ ತಿಂಗಳುಗಳಲ್ಲಿ ಏರಿದ್ದವು. ಹೋದವರು ಬಹುಪಾಲು ಯುವಕರು. ಮರಣಪತ್ರದಲ್ಲಿ "ಹೃದಯ" ಅಂತ ಬರೆದು ಮುಗಿಸಿದರೆ ಬಿಸಿಲಿಗೂ ಕೆಲಸದ ಗಂಟೆಗಳಿಗೂ ಉತ್ತರ ಕೊಡಬೇಕಾದವರು ತಪ್ಪಿಸಿಕೊಳ್ಳುತ್ತಾರೆ.

ಈಗ ನಂಬಿಕೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ತಪ್ಪು ಎಲ್ಲಾಯಿತು ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ.

ಅಮೆರಿಕದ ಮಿನೆಸೋಟಾದಲ್ಲಿ ಸೊಮಾಲಿಯಾದಿಂದ ಬಂದ ದೊಡ್ಡ ಸಮುದಾಯ ಇದೆ. ಅವರಿಗೆ ದಡಾರದ ಲಸಿಕೆಯ ಬಗ್ಗೆ ತಕರಾರೇ ಇರಲಿಲ್ಲ. 2004ರಲ್ಲಿ ಹುಟ್ಟಿದ ಸೊಮಾಲಿ ಮಕ್ಕಳಲ್ಲಿ 92% ಜನ ಲಸಿಕೆ ಹಾಕಿಸಿಕೊಂಡಿದ್ದರು. 2008ರ ಸುಮಾರಿಗೆ ತಾಯಂದಿರು ಒಂದು ಪ್ರಶ್ನೆ ಎತ್ತಿದರು: ನಮ್ಮ ಮಕ್ಕಳಲ್ಲಿ ಆಟಿಸಂ ಜಾಸ್ತಿ ಕಾಣುತ್ತಿದೆ, ಯಾಕೆ? ನ್ಯಾಯವಾದ ಪ್ರಶ್ನೆ. ತಕ್ಷಣ ಕೂತು, ಅವರ ಭಾಷೆಯಲ್ಲಿ, ಸಮಾಧಾನವಾಗಿ ಉತ್ತರಿಸಬೇಕಾದವರು ಆ ಕೆಲಸವನ್ನು ಸಾಕಷ್ಟು ಮಾಡಲಿಲ್ಲ. ಆ ಖಾಲಿ ಜಾಗಕ್ಕೆ ಲಸಿಕೆ ವಿರೋಧಿಗಳು ಬಂದರು. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ್ದ 1998ರ ಬರಹವನ್ನು ಅದನ್ನು ಪ್ರಕಟಿಸಿದ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತ್ತು. ಆದರೂ ಅದನ್ನು ಬರೆದ ವ್ಯಕ್ತಿಯೇ ಮಿನೆಸೋಟಾಗೆ ಬಂದು ಈ ತಾಯಂದಿರ ಜೊತೆ ಮಾತಾಡಿದರು. 2014ರಲ್ಲಿ ಹುಟ್ಟಿದ ಮಕ್ಕಳ ಹೊತ್ತಿಗೆ ಲಸಿಕೆಯ ಪ್ರಮಾಣ 42%ಕ್ಕೆ ಇಳಿದಿತ್ತು. 2017ರಲ್ಲಿ ದಡಾರ ಹರಡಿತು. 75 ಜನಕ್ಕೆ ಬಂತು, ಹೆಚ್ಚಿನವರು ಸೊಮಾಲಿ ಮಕ್ಕಳು.

ಆ ತಾಯಂದಿರನ್ನು ಅಜ್ಞಾನಿಗಳು ಅಂತ ಬೈದವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅವರು ಪ್ರಶ್ನೆ ಕೇಳಿದರು, ಅವರ ಮುಂದೆ ಬಂದು ಕೂತವರ ಮಾತು ನಂಬಿದರು. ಸರಿಯಾದ ಉತ್ತರ ಗೊತ್ತಿದ್ದವರು ಮೊದಲು ಬಂದು ಕೂರಬೇಕಿತ್ತು. ಕರಪತ್ರವನ್ನು ಅನುವಾದ ಮಾಡಿಸಿ ಕೌಂಟರಿನ ಮೇಲೆ ಇಟ್ಟರೆ ಕೂತು ಮಾತಾಡಿದ ಹಾಗೆ ಆಗುವುದಿಲ್ಲ. ಅದೇ ಸಮುದಾಯದ ಹೆಂಗಸರನ್ನು, ಹಿರಿಯರನ್ನು ಆರೋಗ್ಯ ಕಾರ್ಯಕರ್ತರಾಗಿ ತೆಗೆದುಕೊಳ್ಳಿ. ಸಂಬಳ ಕೊಟ್ಟು ತೆಗೆದುಕೊಳ್ಳಿ. "ಸಮುದಾಯ ಸೇವೆ" ಅಂತ ಹೆಸರಿಟ್ಟು ಬಿಟ್ಟಿ ದುಡಿಸಬೇಡಿ. ರೋಗ ಹರಡಿದಾಗ ಓಡಿ ಬರುವುದಕ್ಕಿಂತ, ರೋಗ ಇಲ್ಲದ ದಿನಗಳಲ್ಲಿ ಮನೆಮನೆಗೆ ಹೋಗಿ ಮಾತಾಡಿಸುವವರು ಬೇಕು.

ಮೈಯ ಬಗ್ಗೆ ಇನ್ನೊಂದು ವಿಷಯ ಇದೆ, ನಿಮ್ಮ ಡಾಕ್ಟರುಗಳಿಗೆ ನೆನಪಿಸಬೇಕಾದದ್ದು. ತೂಕ ಮತ್ತು ಎತ್ತರದಿಂದ ಲೆಕ್ಕ ಹಾಕುವ ಬಿಎಂಐ 25 ದಾಟಿದರೆ ಮಾತ್ರ ಎಚ್ಚರಿಕೆ ಅನ್ನುವುದು ಸಾಮಾನ್ಯವಾಗಿ ಬಳಸುವ ಅಳತೆ. ದಕ್ಷಿಣ ಏಷ್ಯಾದವರೂ ಸೇರಿದಂತೆ ಏಷ್ಯಾ ಮೂಲದ ಅನೇಕರಿಗೆ ಅದಕ್ಕಿಂತ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 23ರಲ್ಲೇ ಎಚ್ಚರ ವಹಿಸಿ ಅಂದರು. ಆದರೂ "ನೀವು ಸಣ್ಣಗಿದ್ದೀರಿ, ಪರೀಕ್ಷೆ ಬೇಡ" ಅಂತ ವಾಪಸ್ ಕಳಿಸಿದ್ದನ್ನು ನಾನೇ ಪಕ್ಕದಲ್ಲಿ ಕೂತು ಕೇಳಿದ್ದೇನೆ, ದಾಟಿಸಿಯೂ ಇದ್ದೇನೆ. ಎಲ್ಲರಿಗೂ ಒಂದೇ ಅಳತೆ ಇಟ್ಟರೆ ಅದು ಸಮಾನತೆ ಅಲ್ಲ. ಯಾರ ಮೈಗೆ ಯಾವ ಅಳತೆ ಹೊಂದುತ್ತದೆ ಅಂತ ನೋಡುವುದು ಸಮಾನತೆ.

ಮನಸ್ಸಿನ ಮಾತಿಗೆ ಬಂದರೆ, ಒಂಟಿತನವನ್ನು ಕಾಯಿಲೆಯ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಓದೆಗೋರ್ಡ್ ಅನ್ನುವ ನಾರ್ವೆಯ ವೈದ್ಯರು 1932ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾರ್ವೆಯಿಂದ ಮಿನೆಸೋಟಾಗೆ ಹೋದವರಲ್ಲಿ, ಊರಲ್ಲೇ ಉಳಿದವರಿಗಿಂತ ಸುಮಾರು ಎರಡು ಪಟ್ಟು ಜನ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. ಆಮೇಲೆ ಬಂದ ಅಧ್ಯಯನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 2001ರ ದಕ್ಷಿಣ ಲಂಡನ್ನಿನದು. ಅಲ್ಪಸಂಖ್ಯಾತ ಜನ ಒಟ್ಟಿಗೆ ಜಾಸ್ತಿ ಇದ್ದ ಬಡಾವಣೆಗಳಲ್ಲಿ ಅವರಿಗೆ ಈ ಕಾಯಿಲೆ ಕಡಿಮೆ ಬಂದಿತ್ತು. ಚದುರಿಹೋಗಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದ ಕಡೆ ಜಾಸ್ತಿ.

ಹೃದಯಕ್ಕೂ ಇದೇ ಮಾತು. ಮೈಕಲ್ ಮಾರ್ಮಟ್ ಮತ್ತು ಲೆನರ್ಡ್ ಸೈಮ್ ಅನ್ನುವ ಸಂಶೋಧಕರು 1976ರಲ್ಲಿ ಕ್ಯಾಲಿಫೋರ್ನಿಯಾದ 3,800 ಜಪಾನಿ ಮೂಲದ ಗಂಡಸರ ಬಗ್ಗೆ ಬರೆದರು. ತಮ್ಮವರ ಜೊತೆ ಹತ್ತಿರದ ಒಡನಾಟ ಉಳಿಸಿಕೊಂಡವರಲ್ಲಿ ಹೃದ್ರೋಗ ಜಪಾನಿನಲ್ಲಿದ್ದಷ್ಟೇ ಕಡಿಮೆ ಇತ್ತು. ಅದನ್ನು ಹೆಚ್ಚು ಕಳೆದುಕೊಂಡವರಲ್ಲಿ ಮೂರರಿಂದ ಐದು ಪಟ್ಟು ಜಾಸ್ತಿ. ಸಿಗರೇಟು, ಬಿಪಿ, ಊಟ ಇವುಗಳಿಂದ ಮಾತ್ರ ಆ ವ್ಯತ್ಯಾಸ ವಿವರಿಸಲು ಆಗಲಿಲ್ಲ.

ಇದನ್ನು ಓದಿದ ಮೇಲೆ ನನಗೆ "ಇಲ್ಲಿಯವರ ಹಾಗೆ ಬೇಗ ಆಗಿಬಿಡಿ" ಅನ್ನುವ ಉಪದೇಶ ಕೇಳಿದಾಗಲೆಲ್ಲ ಕಸಿವಿಸಿ ಆಗುತ್ತದೆ. ಹೊಸ ಭಾಷೆ ಕಲಿಯಲಿ, ಖಂಡಿತ ಕಲಿಯಲಿ. ಅದಕ್ಕೆ ತರಗತಿ ನಡೆಸಿ. ಆದರೆ ವಾರಕ್ಕೊಮ್ಮೆ ತಮ್ಮವರು ಸೇರುವ ಒಂದು ಕೋಣೆ, ಒಂದು ಸಭಾಂಗಣ, ಸಂಜೆ ಕೂರುವ ಒಂದು ಕಟ್ಟೆ, ಇವನ್ನು ಕಿತ್ತುಕೊಳ್ಳಬೇಡಿ. ಮನೆ ಹಂಚುವಾಗ ಒಂದೇ ಭಾಷೆಯ ಮನೆಗಳನ್ನು ದೂರ ದೂರ ಎಸೆಯಬೇಡಿ. ಸಭಾಂಗಣದ ಬಾಡಿಗೆ ಮನ್ನಾ ಮಾಡುವುದು ಸಂಸ್ಕೃತಿ ಇಲಾಖೆಯ ಕೆಲಸ ಅಂದುಕೊಂಡಿದ್ದೀರಿ. ಅದು ನಿಮ್ಮ ಇಲಾಖೆಯ ಕೆಲಸ ಕೂಡ.

ಅಮೆರಿಕದ ಸಮಾಜ ಸೇವಕಿ ಜೇನ್ ಆಡಮ್ಸ್ ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡಿದ್ದರು. ಶಿಕಾಗೋದ ವಲಸಿಗರ ವಾರ್ಡಿನಲ್ಲಿ ಅವರು 1889ರಲ್ಲಿ ಹಲ್ ಹೌಸ್ ಅನ್ನುವ ಸಮುದಾಯ ಕೇಂದ್ರ ಶುರು ಮಾಡಿದರು. ಸುತ್ತಲಿನ ಬೀದಿಗಳ ಕಸವನ್ನು ಯಾರೂ ಸರಿಯಾಗಿ ಎತ್ತುತ್ತಿರಲಿಲ್ಲ. 1895ರಲ್ಲಿ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಹುದ್ದೆಯನ್ನು ತಾವೇ ವಹಿಸಿಕೊಂಡರು. ಬೆಳಗಾಗುವ ಮುಂಚೆ ಎದ್ದು ಕಸದ ಗಾಡಿಗಳ ಹಿಂದೆ ಹೋಗುತ್ತಿದ್ದರು. ಮಕ್ಕಳ ಕಾಯಿಲೆಗೆ ಔಷಧಿ ಹುಡುಕುವಾಗ ಬೀದಿಯ ಕಡೆಯೂ ನೋಡಿದ್ದರು, ಅಷ್ಟೇ.

ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ಕಡೆ ನೆಲೆಸಿರುವವರು 30.4 ಕೋಟಿ ಜನ. ಅವರಲ್ಲಿ ಬಹುಪಾಲು ನಗರಗಳಲ್ಲೇ ಇದ್ದಾರೆ. ನಿಮ್ಮ ಕಟ್ಟಡ ಕಟ್ಟುತ್ತಾರೆ, ನಿಮ್ಮ ಆಸ್ಪತ್ರೆಯ ನೆಲ ಒರೆಸುತ್ತಾರೆ, ನಿಮ್ಮ ವಯಸ್ಸಾದವರನ್ನು ನೋಡಿಕೊಳ್ಳುತ್ತಾರೆ. ಅದೇ ಆಸ್ಪತ್ರೆಯ ಹೊರರೋಗಿ ವಿಭಾಗ ಅವರು ಕೆಲಸದಲ್ಲಿರುವ ಹೊತ್ತಿಗೆ ತೆರೆದು, ಅವರು ಬಿಡುವಾಗುವ ಹೊತ್ತಿಗೆ ಮುಚ್ಚುತ್ತದೆ. ಅರ್ಧ ದಿನದ ಕೂಲಿ ಕಳೆದುಕೊಂಡು ಬಂದವರಿಗೆ "ಬೇಗ ಯಾಕೆ ಬರಲಿಲ್ಲ?" ಅಂತ ಕೇಳುತ್ತೀರಿ. ವಾರದಲ್ಲಿ ಎರಡು ಸಂಜೆ, ಭಾನುವಾರ ಅರ್ಧ ದಿನ ತೆರೆದಿಟ್ಟರೆ ಆ ಪ್ರಶ್ನೆ ಕೇಳಬೇಕಾಗಿಯೇ ಬರುವುದಿಲ್ಲ.

ಇದೆಲ್ಲ ಒಂದೇ ದಿನದಲ್ಲಿ ಆಗುವುದಿಲ್ಲ ಅಂತ ನನಗೂ ಗೊತ್ತು. ಎರಡು ಕೆಲಸ ಮಾತ್ರ ಈ ತಿಂಗಳೇ ಮಾಡಬಹುದು. ರೋಗಿಯ ವಿವರ ವಲಸೆ ಇಲಾಖೆಗೆ ಹೋಗುವುದಿಲ್ಲ ಅನ್ನುವ ಒಂದು ಆದೇಶ ಹೊರಡಿಸಿ. ಹೊರಡಿಸಿದ ಮೇಲೆ ಅದನ್ನು ನಿಮ್ಮ ಊರಲ್ಲಿ ಮಾತಾಡುವ ಎಲ್ಲ ಭಾಷೆಗಳಲ್ಲೂ ಕೌಂಟರಿನ ಎದುರು ದೊಡ್ಡದಾಗಿ ಬರೆಸಿ ಹಾಕಿ. ಓದಲು ಬಾರದವರಿಗೆ ಬಾಯಲ್ಲಿ ಹೇಳಿ.

ಎರಡನೆಯದು ಇನ್ನೂ ಸುಲಭ. ನಾಳೆ ಬೆಳಗ್ಗೆ ನಿಮಗೆ ಬಾರದ ಭಾಷೆ ಆಡುವ ಒಬ್ಬರನ್ನು ನಿಮ್ಮ ಆಫೀಸಿಗೆ ಕರೆಯಿರಿ. ನಿಮ್ಮದೇ ಆಸ್ಪತ್ರೆಯ ನಂಬರಿಗೆ ಅವರ ಕೈಯಲ್ಲಿ ಫೋನ್ ಮಾಡಿಸಿ. ಎದೆ ನೋವು ಬಂದಿದೆ ಅಂತ ಅವರು ತಮ್ಮ ಭಾಷೆಯಲ್ಲಿ ಹೇಳಬೇಕು. ಆ ಕಡೆಯವರಿಗೆ ಇದು ಪರೀಕ್ಷೆ ಅಂತ ಮೊದಲೇ ತಿಳಿಸಿರಿ, ನಿಜವಾದ ರೋಗಿಯ ಲೈನ್ ತಡೆಯುವುದು ಬೇಡ. ಗಡಿಯಾರ ನೋಡಿಕೊಳ್ಳಿ. ಅರ್ಥವಾಗುವ ಒಂದು ಉತ್ತರ ಸಿಗಲು ಎಷ್ಟು ನಿಮಿಷ ಹಿಡಿಯಿತು ಅಂತ ಬರೆದು, ಆ ಸಂಖ್ಯೆಯನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ನಾನು ಕಾಯುತ್ತಿರುತ್ತೇನೆ.

ಇಂತಿ,
ಪಕ್ಕದ ಕುರ್ಚಿಯಲ್ಲಿ ಕೂರುವ ಒಬ್ಬ ದುಭಾಷಿ